ಡಿಸ್ಕೊ ಹಾಡಿಗೆ ಬೇಸ್ ನುಡಿಸಲು ಆಕ್ಟೇವ್ ಒಂದೇ ಸಾಕೇ?

ಪ್ರಶ್ನೆ: ನಾನು ಮೈಸೂರಿನವನು, ಬ್ಯಾಂಕ್ ಉದ್ಯೋಗಿ. ಕೆಲವು ವರ್ಷಗಳಿಂದ ಬೇಸ್ ಗಿಟಾರ್ ನುಡಿಸುತ್ತಿದ್ದೇನೆ. ಗೆಳೆಯರು ಸೇರಿ ಕಟ್ಟಿಕೊಂಡಿರುವ ನಮ್ಮ ಬ್ಯಾಂಡ್ 1970ರ ದಶಕದ ಡಿಸ್ಕೊ ಹಾಡುಗಳನ್ನು ನುಡಿಸುತ್ತದೆ. ‘ಐ ವಿಲ್ ಸರ್ವೈವ್’, ‘ಗುಡ್ ಟೈಮ್ಸ್’, ‘ಸ್ಟೇಯಿನ್ ಅಲೈವ್’, ಕೊನೆಗೆ ‘ಆಪ್ ಜೈಸಾ ಕೋಯಿ’ ನಮ್ಮ ಪಟ್ಟಿಯಲ್ಲಿವೆ. ಡಿಸ್ಕೊ ಬೇಸ್ ಎಂದರೆ ಕೆಳಗಿನ ಸ್ವರದಿಂದ ಅದರ ಮೇಲಿನ ಆಕ್ಟೇವ್‌ಗೆ, ಅಂದರೆ ಮೇಲಿನ ಸ್ಥಾಯಿಯ ಅದೇ ಸ್ವರಕ್ಕೆ, ಹಾರುವುದು ಎಂದು ವಿಡಿಯೊ ಪಾಠಗಳಲ್ಲಿ ನೋಡಿ ಎಲ್ಲ ಹಾಡುಗಳಿಗೂ ಅದನ್ನೇ ನುಡಿಸುತ್ತೇನೆ. ತಾಳ ತಪ್ಪುವುದಿಲ್ಲ. ಆದರೂ ಹಾಡು ಭಾರವಾಗಿ, ಎಳೆದಂತೆ ಕೇಳುತ್ತದೆ. ಜನ ಚಪ್ಪಾಳೆ ತಟ್ಟುತ್ತಾರೆಯೇ ಹೊರತು ಕುಣಿಯಲು ಏಳುವುದಿಲ್ಲ. ಡ್ರಮ್ಮರ್ ‘ವಾಲ್ಯೂಮ್ ಹೆಚ್ಚಿಸು’ ಎನ್ನುತ್ತಾನೆ. ಕೀಬೋರ್ಡ್ ನುಡಿಸುವವನು ‘ಇದು ಹೇಗೂ ಯಂತ್ರದ ಸಂಗೀತ, ಬೇಸನ್ನು ಸೀಕ್ವೆನ್ಸರ್‌ಗೆ, ಅಂದರೆ ಸ್ವರಗಳನ್ನು ತಾನೇ ನುಡಿಸುವ ಯಂತ್ರಕ್ಕೆ, ಹಾಕಿಬಿಡೋಣ’ ಎನ್ನುತ್ತಾನೆ. ನಾನು ಸ್ಲ್ಯಾಪ್ (ಹೆಬ್ಬೆರಳಿನಿಂದ ತಂತಿಗೆ ಬಡಿದು ನುಡಿಸುವುದು) ಕಲಿಯಬೇಕೇ, ದುಬಾರಿ ವಾದ್ಯ ಕೊಳ್ಳಬೇಕೇ? ಕಾರ್ಯಕ್ರಮ ಮುಗಿಯುವ ಹೊತ್ತಿಗೆ ಎಡ ಮಣಿಕಟ್ಟು ನೋಯುತ್ತದೆ. ನಮ್ಮ ಹಿಂದಿನ ಕಾರ್ಯಕ್ರಮದ ರೆಕಾರ್ಡಿಂಗ್ ಜತೆಗಿಟ್ಟಿದ್ದೇನೆ.

ಉತ್ತರ: ನಿಮ್ಮ ಪತ್ರದಲ್ಲಿ ಹಲವು ಪ್ರಶ್ನೆಗಳಿದ್ದರೂ ಬುಡದಲ್ಲಿರುವ ಆತಂಕ ಒಂದೇ: ಸ್ವರವೂ ಸರಿಯಿದೆ, ತಾಳವೂ ಸರಿಯಿದೆ, ಹಾಗಿದ್ದರೂ ಹಾಡು ಯಾಕೆ ಕುಣಿಸುತ್ತಿಲ್ಲ? ರೆಕಾರ್ಡಿಂಗನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ನಿಮ್ಮ ಸ್ವರಗಳು ಶುರುವಾಗುವ ಜಾಗದಲ್ಲಿ ದೂರುವಂಥದ್ದು ಏನೂ ಇಲ್ಲ, ಡ್ರಮ್ಮರ್ ಜತೆಗಿನ ಹೊಂದಾಣಿಕೆ ನಿಜಕ್ಕೂ ಚೆನ್ನಾಗಿದೆ. ತೊಂದರೆ ಇರುವುದು ಸ್ವರಗಳು ಮುಗಿಯುವ ಜಾಗದಲ್ಲಿ. ನೀವು ಮೀಟಿದ ಪ್ರತಿ ಸ್ವರವೂ ಮುಂದಿನ ಸ್ವರ ಬಂದು ತಳ್ಳುವವರೆಗೆ ಗುಂಯ್‌ಗುಡುತ್ತಲೇ ಇರುತ್ತದೆ. ಹಾಡಿನುದ್ದಕ್ಕೂ ತಳದಲ್ಲಿ ಒಂದು ಕ್ಷಣವೂ ಮೌನವಿಲ್ಲ. ಪಾಠ ಹೇಳುವಾಗ ನಾನು ಅತಿ ಹೆಚ್ಚು ಕಾಣುವ ತೊಂದರೆಯೂ ಇದೇ ಆಗಿದೆ, ಮತ್ತು ಇದು ಗಂಭೀರವಾಗಿ ಅಭ್ಯಾಸ ಮಾಡುವವರಲ್ಲೇ ಹೆಚ್ಚು, ಏಕೆಂದರೆ ಎಲ್ಲ ಅಭ್ಯಾಸವೂ ಸರಿಯಾದ ಕ್ಷಣಕ್ಕೆ ಸ್ವರ ಹಿಡಿಯುವುದರ ಮೇಲೆ ನಡೆದಿರುತ್ತದೆ, ಸರಿಯಾದ ಕ್ಷಣಕ್ಕೆ ಬಿಡುವುದರ ಮೇಲೆ ನಡೆದಿರುವುದಿಲ್ಲ.

ಇದು ಡಿಸ್ಕೊದಲ್ಲಿ ಯಾಕೆ ಇಷ್ಟು ಮುಖ್ಯ ಎಂದು ತಿಳಿಯಲು ಆ ಸಂಗೀತ ಹುಟ್ಟಿದ ಕಡೆಗೆ, ಅಂದರೆ ಫಿಲಡೆಲ್ಫಿಯಾದ ಸಿಗ್ಮಾ ಸೌಂಡ್ ಸ್ಟುಡಿಯೊ ಕಡೆಗೆ ಹೋಗಬೇಕು. ಅಲ್ಲಿ ಕೆನ್ನೆತ್ ಗ್ಯಾಂಬಲ್ ಮತ್ತು ಲಿಯಾನ್ ಹಫ್ ಅವರ ಹಾಡುಗಳಿಗೆ ನುಡಿಸುತ್ತಿದ್ದ ವಾದ್ಯಗಾರರ ತಂಡದಲ್ಲಿ ಡ್ರಮ್ಮರ್ ಅರ್ಲ್ ಯಂಗ್, ಬೇಸ್ ವಾದಕ ರಾನಿ ಬೇಕರ್, ಗಿಟಾರ್ ವಾದಕ ನಾರ್ಮನ್ ಹ್ಯಾರಿಸ್ ಇದ್ದರು. 1973ರಲ್ಲಿ ಹೆರಾಲ್ಡ್ ಮೆಲ್ವಿನ್ ಮತ್ತು ಬ್ಲೂ ನೋಟ್ಸ್ ತಂಡದ ‘ದ ಲವ್ ಐ ಲಾಸ್ಟ್’ ಹಾಡಿನಲ್ಲಿ ಅರ್ಲ್ ಯಂಗ್ ನಾಲ್ಕೂ ಬೀಟ್‌ಗಳ ಮೇಲೆ ಕಾಲಿನಿಂದ ನುಡಿಸುವ ಕಿಕ್ ಡ್ರಮ್ ಹೊಡೆದು, ಬೀಟ್‌ಗಳ ನಡುವೆ ಜೋಡಿ ತಟ್ಟೆಗಳ ಹೈ-ಹ್ಯಾಟನ್ನು ಬಾಯಿ ಬಿಡಿಸಿ ‘ತ್ಸ್’ ಎನ್ನಿಸಿದ ನಡೆಯೇ ಮುಂದೆ ಡಿಸ್ಕೊದ ಬೆನ್ನೆಲುಬಾಯಿತು. ಅದಕ್ಕೆ ಮುಂಚಿನ ಸೋಲ್ ಮತ್ತು ಫಂಕ್ ಹಾಡುಗಳಲ್ಲಿ ಬೀಟ್ ಎಲ್ಲಿದೆ ಎಂದು ತೋರಿಸುವ ಹೊಣೆಯಲ್ಲಿ ಬೇಸ್‌ಗೂ ದೊಡ್ಡ ಪಾಲಿತ್ತು. ಕಿಕ್ ಡ್ರಮ್ ನಾಲ್ಕೂ ಬೀಟ್‌ಗಳನ್ನು ತಾನೇ ವಹಿಸಿಕೊಂಡ ಮೇಲೆ ಬೇಸ್‌ಗೆ ಆ ಹೊಣೆ ಇಳಿಯಿತು. ಕಛೇರಿಯಲ್ಲಿ ಗಾಯಕರ ಕೈಯಲ್ಲಿ ತಾಳ ಅಲುಗಾಡದೆ ನಡೆಯುತ್ತಿರುವಾಗ ಮೃದಂಗದವರು ತಾಳದ ಸುತ್ತ ಎಷ್ಟು ಸ್ವತಂತ್ರವಾಗಿ ಓಡಾಡಬಲ್ಲರೋ, ಡಿಸ್ಕೊದ ಬೇಸ್ ವಾದಕರಿಗೆ ಸಿಕ್ಕಿದ್ದು ಅಂಥದೇ ಸ್ವಾತಂತ್ರ್ಯ. ಆ ಸ್ವಾತಂತ್ರ್ಯ ಇದ್ದೂ ಕಿಕ್ ಹೇಳುವುದನ್ನೇ ನಾವೂ ನಾಲ್ಕು ಸಲ ಹೇಳುತ್ತ ಕೂತರೆ ಹಾಡು ಭಾರವಾಗದೆ ಇನ್ನೇನಾದೀತು?

ಈಗ ಲೆಕ್ಕ ನೋಡೋಣ. ನಿಮಿಷಕ್ಕೆ 120 ಬೀಟ್ ಇರುವ ಹಾಡಿನಲ್ಲಿ ಒಂದು ಕಿಕ್‌ನಿಂದ ಇನ್ನೊಂದಕ್ಕೆ ಅರ್ಧ ಸೆಕೆಂಡು. ಆಕ್ಟೇವ್ ನಡೆಯಲ್ಲಿ ಕೆಳಗಿನ ಸ್ವರ ಕಿಕ್ ಜತೆಗೇ ಬೀಳುತ್ತದೆ, ಮೇಲಿನದು ಕಾಲು ಸೆಕೆಂಡಿನ ನಂತರ ಹೈ-ಹ್ಯಾಟ್ ಬಾಯಿ ಬಿಡುವ ಹೊತ್ತಿಗೆ ಬರುತ್ತದೆ. ಬೇಸ್‌ನ ಇ ತಂತಿಯನ್ನು ಹಾಗೇ ಮೀಟಿದರೆ ಸುಮಾರು 41 ಹರ್ಟ್ಸ್, ಎ ತಂತಿಯದು 55 ಹರ್ಟ್ಸ್. ಕಿಕ್ ಡ್ರಮ್‌ನ ದಪ್ಪ ಸದ್ದು ಇರುವುದೂ ಇದೇ ನೆರೆಯಲ್ಲಿ. ನಿಮ್ಮ ಮೇಲಿನ ಸ್ವರ ಮುಂದಿನ ಕಿಕ್‌ವರೆಗೂ ಉಳಿದುಕೊಂಡರೆ, ಅಥವಾ ಕೆಳಗಿನ ತಂತಿಯನ್ನು ಮುಚ್ಚದೆ ಬಿಟ್ಟದ್ದರಿಂದ ಎರಡೂ ಸ್ವರಗಳು ಒಟ್ಟಿಗೆ ಮೊಳಗುತ್ತಿದ್ದರೆ, ಮುಂದಿನ ಕಿಕ್ ಬಂದು ಬೀಳಲು ಖಾಲಿ ಜಾಗವೇ ಇರುವುದಿಲ್ಲ. ಆಗ ಕಿಕ್ ಸದ್ದು ಬೇಸ್‌ನೊಳಗೆ ಮುಳುಗುತ್ತದೆ. ಡ್ರಮ್ಮರ್‌ಗೆ ಅದು ‘ಬೇಸ್ ಸ್ಪಷ್ಟವಾಗಿ ಕೇಳುತ್ತಿಲ್ಲ’ ಎಂಬಂತೆ ಭಾಸವಾಗುತ್ತದೆ, ವಾಲ್ಯೂಮ್ ಹೆಚ್ಚಿಸು ಎನ್ನುತ್ತಾರೆ. ಹೆಚ್ಚಿಸಿದರೆ ಗೊಂದಲ ಇನ್ನಷ್ಟು ಬೆಳೆಯುತ್ತದೆ. ಕುಣಿಯುವವರ ಕಾಲಿಗೆ ಬೇಕಾದದ್ದು ಕಿಕ್‌ಗೆ ಮುಂಚಿನ ಆ ಸಣ್ಣ ಖಾಲಿ ಜಾಗ.

ಆಕ್ಟೇವ್ ಎಂಬುದು ಸುಳ್ಳಲ್ಲ. ಅದು ಡಿಸ್ಕೊದ ನಿಜವಾದ ಮುದ್ರೆಗಳಲ್ಲಿ ಒಂದು. ಆದರೆ ಅದು ಆ ಕಾಲದ ವಾದಕರ ಕೈಯಲ್ಲಿದ್ದ ಹಲವು ನಡೆಗಳಲ್ಲಿ ಒಂದಾಗಿತ್ತು, ಮತ್ತು ನಿಮ್ಮ ಪಟ್ಟಿಯ ಹಾಡುಗಳೇ ಇದಕ್ಕೆ ಸಾಕ್ಷಿ. ‘ಸ್ಟೇಯಿನ್ ಅಲೈವ್’ ನಿಮಿಷಕ್ಕೆ ಸುಮಾರು 104 ಬೀಟ್‌ನ ನಿಧಾನದ ಹಾಡು. ಬೀ ಜೀಸ್ ಸಹೋದರರು 1977ರಲ್ಲಿ ಫ್ರಾನ್ಸಿನ ಷಾಟೊ ಡೇರೂವಿಲ್ ಸ್ಟುಡಿಯೊದಲ್ಲಿ ಕೆಲಸ ಮಾಡುತ್ತಿದ್ದಾಗ ಡ್ರಮ್ಮರ್ ಊರಿಗೆ ಹೋಗಬೇಕಾಗಿ ಬಂದು, ‘ನೈಟ್ ಫೀವರ್’ ಹಾಡಿನ ಎರಡು ಬಾರ್ (ನಾಲ್ಕು ಬೀಟ್‌ಗಳ ಆವರ್ತ) ಡ್ರಮ್ಸ್ ಇರುವ ಟೇಪನ್ನು ಕತ್ತರಿಸಿ ಸುತ್ತು ಮಾಡಿ ಮತ್ತೆ ಮತ್ತೆ ಓಡಿಸಿದರು. ಅಷ್ಟು ಅಚಲವಾದ ಡ್ರಮ್ಸ್ ಮೇಲೆ ಮಾರಿಸ್ ಗಿಬ್ ನುಡಿಸಿದ್ದು ಗಿಟಾರ್‌ನ ಮುಖ್ಯ ರಿಫ್ (ಮತ್ತೆ ಮತ್ತೆ ಬರುವ ಸ್ವರಗಳ ತುಣುಕು) ಜತೆಗೂಡಿ ಬೀಟ್‌ಗಳ ಸಂದಿಯಲ್ಲಿ ಹೆಜ್ಜೆ ಇಡುವ ಬೇಸ್. ಅಲ್ಲಿ ನೀವು ಆಕ್ಟೇವ್ ಹಾರಿಸಿದರೆ ಆ ರಿಫ್‌ನ ಬಿಂಕವೇ ಹೋಗುತ್ತದೆ. ‘ಐ ವಿಲ್ ಸರ್ವೈವ್’ ಕಥೆ ಬೇರೆ. ಅದರ ಕಾರ್ಡ್‌ಗಳು (ಒಟ್ಟಿಗೆ ನುಡಿಯುವ ಸ್ವರಗುಚ್ಛಗಳು) ಎ ಮೈನರ್, ಡಿ ಮೈನರ್, ಜಿ, ಸಿ, ಎಫ್, ಬಿ, ಇ ಎಂದು ಒಂದೇ ದಿಕ್ಕಿಗೆ ಮೆಟ್ಟಿಲು ಮೆಟ್ಟಿಲಾಗಿ ತಿರುಗುತ್ತ ಇಡೀ ಹಾಡು ಅದೇ ಸುತ್ತಿನಲ್ಲಿ ನಡೆಯುತ್ತದೆ. ಕಾರ್ಡ್‌ಗಳು ಬದಲಾಗದೆ ಸುತ್ತುವಾಗ ಹಾಡಿಗೆ ಮುನ್ನಡೆ ಕೊಡುವುದು ಬೇಸ್‌ನ ಕೆಲಸ. ಮೂಲದಲ್ಲಿ ಬೇಸ್ ನುಡಿಸಿದ ಸ್ಕಾಟ್ ಎಡ್ವರ್ಡ್ಸ್ ಒಂದು ಕಾರ್ಡ್‌ನಿಂದ ಮುಂದಿನದಕ್ಕೆ ಕೇಳುಗರನ್ನು ಹೇಗೆ ದಾಟಿಸುತ್ತಾರೆ ಎಂದು ಬಾರ್‌ನ ಕೊನೆಯ ಬೀಟನ್ನಷ್ಟೇ ಹಿಡಿದು ಕೇಳಿ. ನೀವು ಬಾರ್‌ನ ಮೂರು ಬೀಟ್‌ಗಳಲ್ಲಿ ಆಕ್ಟೇವ್ ಇಟ್ಟುಕೊಂಡರೂ ಪರವಾಗಿಲ್ಲ, ನಾಲ್ಕನೆಯದನ್ನು ಮುಂದಿನ ಕಾರ್ಡ್‌ಗೆ ನಡೆದುಹೋಗಲು ಬಿಡಿ.

‘ಗುಡ್ ಟೈಮ್ಸ್’ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಡಿಸ್ಕೊದಲ್ಲಿ ಬೇಸ್ ಏನು ಮಾಡಬಲ್ಲದು ಎನ್ನುವುದಕ್ಕೆ ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡ ಪಾಠ ಇಲ್ಲ. ನ್ಯೂಯಾರ್ಕಿನ ಷಿಕ್ ತಂಡ 1979ರಲ್ಲಿ ಹೊರತಂದ ಈ ಹಾಡಿನಲ್ಲಿ ನೈಲ್ ರಾಜರ್ಸ್ ಗಿಟಾರ್, ಟೋನಿ ಥಾಂಪ್ಸನ್ ಡ್ರಮ್ಸ್, ಬರ್ನಾರ್ಡ್ ಎಡ್ವರ್ಡ್ಸ್ ಬೇಸ್. ಸಾಲು ಶುರುವಾಗುವುದು ಮೊದಲ ಮೂರು ಬೀಟ್‌ಗಳ ಮೇಲೆ ಬೀಳುವ ಮೂರು ಇ ಸ್ವರಗಳಿಂದ. ಅಷ್ಟೇ, ಯಾವ ಅಲಂಕಾರವೂ ಇಲ್ಲ, ಕಿಕ್ ಜತೆ ಹೆಗಲಿಗೆ ಹೆಗಲು ಕೊಟ್ಟು ನಿಂತಂತೆ. ಮೂರನೆಯ ಹೊಡೆತದ ನಂತರ ನಿಮ್ಮ ಕಿವಿ ನಾಲ್ಕನೆಯದಕ್ಕೆ ಕಾಯುತ್ತದೆ, ಅಲ್ಲಿ ಎಡ್ವರ್ಡ್ಸ್ ಕೈ ತಡೆಯುತ್ತಾರೆ. ಆಮೇಲೆ ಬೀಟ್‌ಗಳ ಸಂದಿಯಿಂದ ಹೊರಟ ಸಣ್ಣ ಸ್ವರಗಳ ಓಟವೊಂದು ಎ ಸ್ವರದ ಕಡೆಗೆ ಸಾಗುತ್ತದೆ. ಹಾಡಿನ ವೇಗ ನಿಮಿಷಕ್ಕೆ ಸುಮಾರು 110 ಬೀಟ್, ಅಂದರೆ ಬೀಟ್‌ನ ಕಾಲುಭಾಗಕ್ಕೆ ಸೆಕೆಂಡಿನ ಏಳನೇ ಒಂದು ಪಾಲಿನಷ್ಟು ಹೊತ್ತು. ಆ ಇಕ್ಕಟ್ಟಿನಲ್ಲೂ ಪ್ರತಿ ಸ್ವರಕ್ಕೂ ತನ್ನದೇ ಉದ್ದ ಇದೆ, ಕೆಲವು ಮೊಟಕು, ಕೆಲವು ಮುಂದಿನದಕ್ಕೆ ತಾಗುವಷ್ಟು ಉದ್ದ. ಎಡ್ವರ್ಡ್ಸ್ ಹೆಬ್ಬೆರಳು ಮತ್ತು ತೋರುಬೆರಳನ್ನು ತಂತಿ ಮೀಟುವ ಪಿಕ್ ಹಿಡಿದವರಂತೆ ಜೋಡಿಸಿಕೊಂಡು ತೋರುಬೆರಳಿನ ಉಗುರಿನಿಂದ ತಂತಿಗೆ ಬಡಿಯುತ್ತಿದ್ದರು, ಅದನ್ನು ‘ಚಕಿಂಗ್’ ಎನ್ನುತ್ತಾರೆ. ಸ್ವರದ ಆರಂಭಕ್ಕೆ ಒಂದು ಚೂಪು ಬರುವುದು ಅದರಿಂದ.

ಆ ಸಾಲಿನ ಬಲ ಎಷ್ಟೆಂದರೆ, ಹಾಡಿನ ನಡುವೆ ಬೇರೆ ವಾದ್ಯಗಳು ಹಿಂದೆ ಸರಿದು ಬೇಸ್ ಮತ್ತು ಡ್ರಮ್ಸ್ ಮುಂದೆ ಬಂದಾಗಲೂ ಏನೋ ಕಡಿಮೆಯಾಯಿತು ಎನ್ನಿಸುವುದಿಲ್ಲ. ಅದೇ ವರ್ಷ ಷುಗರ್‌ಹಿಲ್ ಗ್ಯಾಂಗ್‌ನ ‘ರ‍್ಯಾಪರ್ಸ್ ಡಿಲೈಟ್’ ಇಡಿಯಾಗಿ ಈ ನಡೆಯ ಮೇಲೆಯೇ ನಿಂತಿತು, ಮರುವರ್ಷ ಕ್ವೀನ್ ತಂಡದ ಜಾನ್ ಡೀಕನ್ ಇದರಿಂದ ಪ್ರೇರಣೆ ಪಡೆದು ‘ಅನದರ್ ಒನ್ ಬೈಟ್ಸ್ ದ ಡಸ್ಟ್’ ಕಟ್ಟಿದರು. ಅಲ್ಲಿಯೂ ಮೂರು ಹೊಡೆತ, ನಂತರ ಖಾಲಿ ಜಾಗ. ನಿಮ್ಮ ರೆಕಾರ್ಡಿಂಗಿನಲ್ಲಿ ಆ ನಾಲ್ಕನೆಯ ಜಾಗವನ್ನು ನೀವು ಆಕ್ಟೇವ್‌ನಿಂದ ತುಂಬಿಬಿಟ್ಟಿದ್ದೀರಿ. ದಯವಿಟ್ಟು ಅದನ್ನು ತೆಗೆಯಿರಿ.

‘ಆಪ್ ಜೈಸಾ ಕೋಯಿ’ ಪಟ್ಟಿಯಲ್ಲಿ ಇರುವುದು ಕಂಡು ಸಂತೋಷವಾಯಿತು. ಅದರ ಸಂಗೀತಕಾರ ಬಿದ್ದು ಬೆಂಗಳೂರಿನಲ್ಲಿ ಹುಟ್ಟಿ ಇಲ್ಲಿನ ಬ್ಯಾಂಡ್‌ಗಳಲ್ಲಿ ಹಾಡಿ ಇಂಗ್ಲೆಂಡಿಗೆ ಹೋದವರು. 1974ರಲ್ಲಿ ಕಾರ್ಲ್ ಡಗ್ಲಸ್ ಹಾಡಿದ ‘ಕುಂಗ್ ಫು ಫೈಟಿಂಗ್’ ನಿರ್ಮಿಸಿ ಬ್ರಿಟನ್, ಅಮೆರಿಕ ಎರಡೂ ಕಡೆ ಮೊದಲ ಸ್ಥಾನಕ್ಕೇರಿಸಿದ ಅವರು 1980ರಲ್ಲಿ ‘ಕುರ್ಬಾನಿ’ ಚಿತ್ರಕ್ಕೆ ಈ ಹಾಡು ಕೊಟ್ಟರು. ಹದಿಹರೆಯದ ನಾಜಿಯಾ ಹಸನ್ ಅವರ ತೆಳುವಾದ ಕಂಠಕ್ಕಾಗಿ ಹೆಣೆದ ಹಾಡು ಅದು. ಹಾಡುವ ಸಾಲುಗಳಲ್ಲಿ ಬೇಸ್ ಸ್ವರಗಳನ್ನು ಮೊಟಕಾಗಿಯೇ ಇಟ್ಟುಕೊಳ್ಳಿ, ಕಂಠ ತಾನಾಗಿ ಮೇಲೆ ಬರುತ್ತದೆ.

ಇನ್ನು ‘ಯಂತ್ರದ ಸಂಗೀತ’ ಎಂಬ ಮಾತು. ಡಿಸ್ಕೊದಲ್ಲಿ ಯಂತ್ರದ ಬೇಸ್ ಇರುವ ಮಹಾನ್ ಹಾಡು ಖಂಡಿತ ಇದೆ: 1977ರಲ್ಲಿ ಮ್ಯೂನಿಕ್‌ನಲ್ಲಿ ಜಾರ್ಜಿಯೊ ಮೊರೊಡರ್ ಮತ್ತು ಪೀಟ್ ಬೆಲಟ್ ಅವರು ಡೋನಾ ಸಮ್ಮರ್‌ಗಾಗಿ ಮಾಡಿದ ‘ಐ ಫೀಲ್ ಲವ್’. ಮೂಗ್ ಸಿಂಥಸೈಜರ್‌ನಿಂದ ಹೊರಟ ಬೇಸ್ ಒಂದು ಕಿವಿಗೆ, ಅದರ ಕೂದಲೆಳೆ ತಡವಾದ ಪ್ರತಿಧ್ವನಿ ಇನ್ನೊಂದು ಕಿವಿಗೆ ಹೋಗಿ, ಸ್ವರಗಳು ಇಮ್ಮಡಿ ವೇಗದಲ್ಲಿ ಮಿನುಗಿದಂತೆ ಕೇಳುತ್ತದೆ. ಆದರೆ ಆ ಹಾಡಿನಲ್ಲೂ ಕಿಕ್ ಡ್ರಮ್ ನುಡಿಸಿದ್ದು ಕೀತ್ ಫೋರ್ಸಿ ಎಂಬ ಮನುಷ್ಯ. ಮೇಲಾಗಿ ಅದು ಮೊದಲಿನಿಂದಲೂ ಯಂತ್ರಕ್ಕಾಗಿಯೇ ಕಟ್ಟಿದ ಹಾಡು. ನಿಮ್ಮ ಪಟ್ಟಿಯ ಹಾಡುಗಳು ಹಾಗಲ್ಲ. ಸೀಕ್ವೆನ್ಸರ್ ಬಳಸುವುದು ತಪ್ಪೇನಲ್ಲ, ಆದರೆ ಅದರ ಅಪಾಯ ತಿಳಿದಿರಲಿ. ನಿಮ್ಮ ಡ್ರಮ್ಮರ್ ಕಿವಿಯಲ್ಲಿ ತಾಳ ತೋರಿಸುವ ಕ್ಲಿಕ್ ಸದ್ದು ಕೇಳಿಕೊಂಡೇ ಇಡೀ ಹಾಡು ನುಡಿಸಬೇಕು; ಗಾಯಕಿ ಒಂದು ಸಾಲು ಬೇಗ ಎತ್ತಿಕೊಂಡರೆ ಯಂತ್ರ ಕಾಯುವುದಿಲ್ಲ, ಓಡಿಬಂದು ಸೇರಿಕೊಳ್ಳುವುದೂ ಇಲ್ಲ; ಜನ ಕುಣಿಯತೊಡಗಿದಾಗ ಇನ್ನೆರಡು ಸುತ್ತು ಹೆಚ್ಚು ನುಡಿಸೋಣ ಎಂದರೆ ಆಗುವುದಿಲ್ಲ. ಒಂದು ಹಾಡಿಗೆ ಪ್ರಯೋಗ ಮಾಡಿ ನೋಡಬಹುದು. ಇಡೀ ಕಾರ್ಯಕ್ರಮಕ್ಕೆ ನಾನು ಒಪ್ಪುವುದಿಲ್ಲ.

ಸ್ಲ್ಯಾಪ್ ಕಲಿಯುವುದು ಒಳ್ಳೆಯದೇ, ಆದರೆ ಈ ತೊಂದರೆಗೆ ಅದು ಮದ್ದಲ್ಲ. ಲ್ಯಾರಿ ಗ್ರಹಾಂ ಅವರಿಂದ ಜನಪ್ರಿಯವಾದ ಆ ಶೈಲಿ ಮುಖ್ಯವಾಗಿ ಫಂಕ್‌ನದು, ಶ್ರೇಷ್ಠ ಡಿಸ್ಕೊ ಬೇಸ್‌ನ ಬಹುಪಾಲು ಬೆರಳಿನಿಂದಲೇ ನುಡಿಸಿದ್ದು. 1978ರ ‘ಬೂಗಿ ಊಗಿ ಊಗಿ’ ಕೇಳಿ, ಎ ಟೇಸ್ಟ್ ಆಫ್ ಹನಿ ತಂಡದ ಜಾನಿಸ್ ಮರೀ ಜಾನ್ಸನ್ ಹಾಡುವುದೂ ಅವರೇ, ಬೇಸ್ ನುಡಿಸಿರುವುದೂ ಅವರೇ. ವಾದ್ಯದ ವಿಷಯವೂ ಅಷ್ಟೇ. ಬರ್ನಾರ್ಡ್ ಎಡ್ವರ್ಡ್ಸ್ ಕೈಯಲ್ಲಿ 1976ರಲ್ಲಿ ಮಾರುಕಟ್ಟೆಗೆ ಬಂದ ಮ್ಯೂಸಿಕ್ ಮ್ಯಾನ್ ಸ್ಟಿಂಗ್‌ರೇ ಇತ್ತು ಎಂದು ಅದನ್ನು ಸಾಲ ಮಾಡಿ ಕೊಂಡರೆ, ಈಗಿನ ಉದ್ದ ಸ್ವರಗಳು ಇನ್ನೂ ನಿಚ್ಚಳವಾಗಿ ಉದ್ದ ಕೇಳುತ್ತವೆ. ನಿಮ್ಮ ಬಳಿ ಇರುವುದನ್ನೇ ಒಳ್ಳೆಯ ಕೆಲಸಗಾರರಿಗೆ ಕೊಟ್ಟು ಸೆಟಪ್ ಮಾಡಿಸಿ, ತಂತಿಗಳ ಎತ್ತರ ತಗ್ಗಿಸಲು ಹೇಳಿ.

ಹಾಗಾದರೆ ಮಾಡಬೇಕಾದ್ದೇನು? ಖರ್ಚಿಲ್ಲದ ಮೊದಲ ದಾರಿ ಎಡಗೈಯದು. ಸ್ವರ ಮೀಟಿದ ಮೇಲೆ ಬೆರಳನ್ನು ತಂತಿಯಿಂದ ಪೂರ್ತಿ ಎತ್ತದೆ ಒತ್ತಡವನ್ನಷ್ಟೇ ಬಿಡಿ, ಸ್ವರ ತಟ್ಟನೆ ನಿಲ್ಲುತ್ತದೆ. ಆಕ್ಟೇವ್ ನುಡಿಸುವಾಗ ತೋರುಬೆರಳಿನ ತುದಿ ಕೆಳಸ್ವರ ಹಿಡಿದಿದ್ದರೆ, ಅದೇ ಬೆರಳಿನ ಚಪ್ಪಟೆ ಭಾಗ ನಡುವಿನ ತಂತಿಯ ಮೇಲೆ ಹಗುರವಾಗಿ ಮಲಗಿರಲಿ, ಬೇಡದ ಮೊಳಗು ಅಲ್ಲೇ ಸಾಯುತ್ತದೆ. ಮೆಟ್ರೊನೋಮ್ ಇಟ್ಟು, ಕ್ಲಿಕ್ ಬರುವ ಕ್ಷಣಕ್ಕೆ ಸ್ವರ ಹಿಡಿಯುವ ಬದಲು ಸ್ವರ ಬಿಡುವ ಅಭ್ಯಾಸ ಮಾಡಿ. ಇದು ಮೊದಮೊದಲು ತೀರಾ ಕಷ್ಟ ಎನ್ನಿಸುತ್ತದೆ, ಅಷ್ಟಕ್ಕೆ ಬಿಡಬೇಡಿ. ಎರಡನೆಯ ದಾರಿ ತಂತಿಗಳ ಬುಡ ಕೂರುವ ಬ್ರಿಡ್ಜ್ ಹತ್ತಿರ ತಂತಿಗಳ ಕೆಳಗೆ ಸ್ಪಂಜಿನ ತುಂಡು ತೂರಿಸುವುದು. ಹಳೆಯ ಫೆಂಡರ್ ಪ್ರಿಸಿಷನ್ ಬೇಸ್‌ಗಳ ಬ್ರಿಡ್ಜ್ ಮುಚ್ಚಳದೊಳಗೆ ಕಾರ್ಖಾನೆಯೇ ಇಂಥ ತುಂಡು ಇಟ್ಟು ಕೊಡುತ್ತಿತ್ತು. ಇದು ತಕ್ಷಣ ಫಲ ಕೊಡುತ್ತದೆ, ಆದರೆ ಎಲ್ಲ ಸ್ವರಗಳನ್ನೂ ಒಂದೇ ಅಳತೆಗೆ ಕತ್ತರಿಸುತ್ತದೆ. ‘ಗುಡ್ ಟೈಮ್ಸ್’ನಂಥ ಹಾಡಿನಲ್ಲಿ ಬೇಕಾದ ಉದ್ದ ಸ್ವರಗಳು ಸಿಗುವುದಿಲ್ಲ, ಮತ್ತು ಕೈ ಸೋಮಾರಿಯಾಗುತ್ತದೆ. ಮೇಲ್ಮೈ ನುಣುಪಾಗಿರುವ ಫ್ಲಾಟ್‌ವೌಂಡ್ ತಂತಿಗಳು ಇನ್ನೊಂದು ಆಯ್ಕೆ. ಸದ್ದು ದುಂಡಗಾಗುತ್ತದೆ, ಆದರೆ ಬೆಲೆ ಹೆಚ್ಚು, ಸ್ಲ್ಯಾಪ್‌ಗೆ ಬೇಕಾದ ಹೊಳಪು ಹೋಗುತ್ತದೆ. ಕಂಪ್ರೆಸರ್ ಪೆಡಲ್ ಅನ್ನು ಸದ್ಯಕ್ಕೆ ಆರಿಸಿಡಿ, ಅದು ಆರುತ್ತಿರುವ ಸ್ವರವನ್ನು ಎತ್ತಿ ನಿಲ್ಲಿಸಿ ನಿಮ್ಮ ತೊಂದರೆಯನ್ನು ಹೆಚ್ಚಿಸುತ್ತಿರಬಹುದು.

ವಾಲ್ಯೂಮ್ ಬಗ್ಗೆ ಡ್ರಮ್ಮರ್ ಹೇಳುವುದರಲ್ಲಿ ಒಂದು ನಿಜ ಅಡಗಿದೆ. 41 ಹರ್ಟ್ಸ್‌ನ ಸದ್ದಿನ ಅಲೆಯ ಉದ್ದ ಎಂಟು ಮೀಟರಿಗೂ ಹೆಚ್ಚು, ಹಾಗಾಗಿ ಕಲ್ಯಾಣಮಂಟಪದಂಥ ಹಾಲ್‌ಗಳಲ್ಲಿ ಅದು ಗೋಡೆಗಳ ನಡುವೆ ಓಡಾಡುತ್ತ ಒಂದು ಮೂಲೆಯಲ್ಲಿ ಗುಡುಗಿ ಇನ್ನೊಂದು ಮೂಲೆಯಲ್ಲಿ ಮಾಯವಾಗುತ್ತದೆ. ಡ್ರಮ್ಮರ್ ಕೂತ ಜಾಗದಲ್ಲಿ ನಿಜಕ್ಕೂ ಬೇಸ್ ಕೇಳದೆ ಇರಬಹುದು. ಸದ್ದು ಏಳು ಮೀಟರ್ ದೂರ ಸಾಗಲು ಸೆಕೆಂಡಿನ ಐವತ್ತನೇ ಒಂದು ಭಾಗ ಬೇಕು. ನಿಮ್ಮ ಆಂಪ್ (ಬೇಸ್‌ನ ಧ್ವನಿವರ್ಧಕ) ಅಷ್ಟು ದೂರ ಇದ್ದರೆ ನೀವು ಸರಿಯಾಗಿ ನುಡಿಸಿದ್ದೂ ಅವರಿಗೆ ಹಿಂದೆ ಬಿದ್ದಂತೆ ಕೇಳುತ್ತದೆ. ಆಂಪನ್ನು ಅವರ ಹೈ-ಹ್ಯಾಟ್ ಪಕ್ಕಕ್ಕೆ ತಂದು, ಅದರ ಬೇಸ್ ನಾಬ್ ತಗ್ಗಿಸಿ ಮಿಡ್ ಸ್ವಲ್ಪ ಏರಿಸಿ. ನುಡಿಸುವ ಜಾಗದಲ್ಲಿ ಕೇಳುವಾಗ ಸದ್ದು ತೆಳುವೆನಿಸಿದರೂ ಕುಣಿಯುವ ಜಾಗದಲ್ಲಿ ಸರಿಯಿರುತ್ತದೆ. ಸಂಶಯವಿದ್ದರೆ ಉದ್ದನೆಯ ಕೇಬಲ್ ಹಾಕಿಕೊಂಡು ಸೌಂಡ್ ಚೆಕ್ ಹೊತ್ತಿಗೆ ಹಾಲ್ ನಡುವೆ ನಿಂತು ಕೇಳಿ.

ಮಣಿಕಟ್ಟಿನ ನೋವನ್ನು ಹಗುರವಾಗಿ ಕಾಣಬೇಡಿ. ಮೊದಲ ಫ್ರೆಟ್‌ಗಳ (ವಾದ್ಯದ ಕುತ್ತಿಗೆಯ ಮೇಲಿನ ಲೋಹದ ಗೆರೆಗಳು) ಹತ್ತಿರ ಆಕ್ಟೇವ್ ಹಿಡಿಯಲು ಬೆರಳುಗಳು ಹೆಚ್ಚು ಅಗಲಬೇಕಾಗುತ್ತದೆ, ಅದನ್ನೇ ಪ್ರತಿ ಹಾಡಿನಲ್ಲೂ ಬಿಡುವಿಲ್ಲದೆ ಮಾಡಿದರೆ ಕೈ ದಣಿಯದೆ ಇರದು. ಸದ್ದು ಕೇಳದಾಗ ನಾವು ಅರಿವಿಲ್ಲದೆ ಜೋರಾಗಿ ಒತ್ತುತ್ತೇವೆ, ಅದೂ ಸೇರಿಕೊಳ್ಳುತ್ತದೆ. ವಾದ್ಯವನ್ನು ಹೆಗಲಿಗೆ ತೂಗುಹಾಕುವ ಪಟ್ಟಿಯನ್ನು ಮೋಟು ಮಾಡಿ ಕುತ್ತಿಗೆಯ ಭಾಗವನ್ನು ಮೇಲೆತ್ತಿದರೆ ಮಣಿಕಟ್ಟು ನೇರವಾಗುತ್ತದೆ. ಹೆಬ್ಬೆರಳು ಹಿಂದಿನಿಂದ ಹಿಂಡದಿರಲಿ. ಸಾಧ್ಯವಿದ್ದಲ್ಲಿ ಅದೇ ಸ್ವರಗಳನ್ನು ಐದನೇ ಫ್ರೆಟ್‌ನಿಂದ ಆಚೆಗೆ ಹುಡುಕಿಕೊಳ್ಳಿ. ಆಕ್ಟೇವ್ ಹೆಚ್ಚಿರುವ ಹಾಡುಗಳನ್ನು ಪಟ್ಟಿಯಲ್ಲಿ ಒಂದರ ಬೆನ್ನಿಗೆ ಒಂದು ಇಡಬೇಡಿ. ಇಷ್ಟು ಮಾಡಿಯೂ ನೋವು ಮರುದಿನಕ್ಕೆ ಉಳಿದರೆ, ಅಥವಾ ರಾತ್ರಿ ಹೊತ್ತು ಬೆರಳುಗಳಲ್ಲಿ ಜೋಮು ಕಾಣಿಸಿಕೊಂಡರೆ, ಮುಂದಿನ ಕಾರ್ಯಕ್ರಮ ಒಪ್ಪಿಕೊಳ್ಳುವ ಮೊದಲು ಮೂಳೆ ತಜ್ಞರಿಗೆ ತೋರಿಸಿ. ದಿನವಿಡೀ ಕಂಪ್ಯೂಟರ್ ಮುಂದೆ ಕೂತು ಕೆಲಸ ಮಾಡುತ್ತೀರಿ ಎಂಬುದನ್ನೂ ಅವರಿಗೆ ತಪ್ಪದೆ ಹೇಳಿ.